ಅರ್ಧ ಮಿಲಿಮೀಟರ್ ಸೀಸದ ಲೆಕ್ಕ

ಆಂಜಿಯೋಪ್ಲಾಸ್ಟಿ ಮಾಡುವ ವೈದ್ಯರು ಎಕ್ಸ್-ರೇ ತಡೆಯಲು ತೊಡುವ ಏಪ್ರನ್ನಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ, 0.5 ಮಿ.ಮೀ. ಸೀಸಕ್ಕೆ ಸಮ. ಅಂದರೆ ಐದು ಹಾಳೆ ಜೆರಾಕ್ಸ್ ಕಾಗದದ ದಪ್ಪ. ಅಷ್ಟು ತೆಳ್ಳಗಿನ ಸೀಸವೂ ಒಂದು ಚದರ ಮೀಟರಿಗೆ 5.7 ಕಿಲೋ ತೂಗುತ್ತದೆ. ಎದೆಯಿಂದ ಮೊಣಕಾಲಿನವರೆಗೆ 0.6 ಚದರ ಮೀಟರ್ ಎಂದಿಟ್ಟುಕೊಂಡರೆ ಸೀಸವೊಂದೇ 3.4 ಕಿಲೋ. ಅದನ್ನು ಹೊತ್ತು ಗಂಟೆಗಟ್ಟಲೆ ನಿಲ್ಲುವವರಿಗೆ ಬೆನ್ನುನೋವು ಬರುವುದರಲ್ಲಿ ಆಶ್ಚರ್ಯವಿಲ್ಲ.

ಬರೀ ಸೀಸದ ತಗಡಿನಿಂದ ಬಟ್ಟೆ ಹೊಲಿಯಲಾಗದು. ನಾಲ್ಕು ಸಲ ಮಡಚಿದರೆ ಬಿರುಕು ಬಿಡುತ್ತದೆ. ಅದಕ್ಕೇ ಸೀಸದ ಪುಡಿಯನ್ನು ರಬ್ಬರಿಗೋ ವಿನೈಲ್‌ಗೋ ಕಲಸಿ ಹಾಳೆ ತೆಗೆಯುತ್ತಾರೆ. ಗಾತ್ರದಲ್ಲಿ ಅರ್ಧ ಸೀಸ, ಅರ್ಧ ರಬ್ಬರ್ ಇದ್ದರೂ ತೂಕದಲ್ಲಿ ಸೀಸದ ಪಾಲು ನೂರಕ್ಕೆ 92. ಬಾಗುವ ಕೆಲಸ ರಬ್ಬರಿನದು, ತಡೆಯುವ ಕೆಲಸ ಸೀಸದ್ದು. ಆದರೂ ಇಂಥ ಏಪ್ರನ್ನನ್ನು ಮಡಚಿಡುವಂತಿಲ್ಲ, ನೇತುಹಾಕಬೇಕು. ಒಳಗೆ ಬಿರುಕು ಬಿಟ್ಟಿದೆಯೇ ಎಂದು ಆಗಾಗ ಏಪ್ರನ್ನಿಗೇ ಎಕ್ಸ್-ರೇ ತೆಗೆದು ನೋಡುತ್ತಾರೆ.

ಈಗ ಈ ಅರ್ಧ ಮಿಲಿಮೀಟರಿನತ್ತ ನೇರವಾಗಿ ಹತ್ತು ಸಾವಿರ ಫೋಟಾನ್‌ಗಳನ್ನು ಬಿಡೋಣ. ಒಂದೊಂದರ ಶಕ್ತಿ 40 ಕಿಲೋ ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಎಲ್ಲಿಯೂ ತಗುಲದೆ ಆಚೆ ಬೀಳುವುದು ಸುಮಾರು ಮೂರು. ಹತ್ತು ಸಾವಿರದಲ್ಲಿ ಮೂರೇ ಮೂರು! ಶಕ್ತಿಯನ್ನು 60ಕ್ಕೆ ಏರಿಸಿದರೆ ಸುಮಾರು 580 ದಾಟುತ್ತವೆ. 88ರ ಹತ್ತಿರ ಬಂದಾಗ 3,400. ಮೂರಕ್ಕೊಂದರಂತೆ ಸೋರುವ ಇದನ್ನು ಗುರಾಣಿ ಎನ್ನುವುದು ಕಷ್ಟ.

ವಿಚಿತ್ರ ಶುರುವಾಗುವುದು ಅಲ್ಲಿಂದ. 88ರ ಗಡಿಯನ್ನು ಕೂದಲೆಳೆಯಷ್ಟು ದಾಟಿಸಿ ನೋಡಿ, ಆಚೆ ಬೀಳುವ ಫೋಟಾನ್‌ಗಳು ದಿಢೀರನೆ 130ಕ್ಕೆ ಇಳಿಯುತ್ತವೆ. ಸೀಸದ ಪರಮಾಣುವಿನ ತೀರಾ ಒಳಗಿನ ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿಯೇ 88. ಅದಕ್ಕಿಂತ ಕಡಿಮೆ ಶಕ್ತಿಯ ಫೋಟಾನನ್ನು ಹಿಡಿಯುವುದರಲ್ಲಿ ಆ ಎಲೆಕ್ಟ್ರಾನಿನ ಪಾಲಿಲ್ಲ. ಅಷ್ಟು ಸಿಕ್ಕೊಡನೆ ಅದೂ ಕೆಲಸಕ್ಕಿಳಿಯುತ್ತದೆ. ತವರಕ್ಕೆ ಈ ಗಡಿ 29, ಟಂಗ್‌ಸ್ಟನ್ನಿಗೆ 69.5. ಹೀಗಾಗಿ 60ರಲ್ಲಿ ಗ್ರಾಮಿಗೆ ಗ್ರಾಮು ತೂಗಿದರೆ ತವರ ಸೀಸಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಹೀರುತ್ತದೆ. 80ರಲ್ಲಿ ಟಂಗ್‌ಸ್ಟನ್ ಮೂರು ಪಟ್ಟಿಗೂ ಹೆಚ್ಚು. ಆಸ್ಪತ್ರೆಯ ಎಕ್ಸ್-ರೇಯ ಬಹುಪಾಲು ಓಡಾಡುವುದು ಇದೇ ವಲಯದಲ್ಲಿ. ತವರ, ಆಂಟಿಮನಿ, ಟಂಗ್‌ಸ್ಟನ್, ಬಿಸ್ಮತ್ ಪುಡಿ ಬೆರೆಸಿದ ಸೀಸರಹಿತ ರಬ್ಬರು ಹಗುರಾಗಿಯೂ ಕೆಲಸ ಮಾಡುವ ಗುಟ್ಟು ಇದು. ಒಂದು ತೊಡಕುಂಟು: ಏಟು ತಿಂದ ತವರ ತಾನೇ ಸಣ್ಣ ಎಕ್ಸ್-ರೇ ಉಗುಳುತ್ತದೆ. ಆದ್ದರಿಂದ ಎರಡು ಪದರ ಮಾಡುವಾಗ ತವರ ಹೊರಗೆ, ಬಿಸ್ಮತ್ ಮೈ ಕಡೆಗೆ. ತಡೆಯುವ ಬಲ ಶಕ್ತಿಯೊಂದಿಗೆ ಹೀಗೆ ಏರಿಳಿಯುವುದರಿಂದ, ನನ್ನ ಮಟ್ಟಿಗೆ, ಎಕ್ಸ್-ರೇ ಯಂತ್ರದ ಯಾವ ವೋಲ್ಟೇಜಿನಲ್ಲಿ ಅಳೆದದ್ದೆಂದು ಹೇಳದ "0.5 ಮಿ.ಮೀ." ಅರ್ಧ ಮಾಹಿತಿ ಮಾತ್ರ.

ಇನ್ನು ಗಾಮಾ. ಕೋಬಾಲ್ಟ್-60 ಹೊಮ್ಮಿಸುವ ಕಿರಣಗಳ ಶಕ್ತಿ ಸರಾಸರಿ 1,250 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದೇ ಏಪ್ರನ್, ಅದೇ ಹತ್ತು ಸಾವಿರ. ಆಚೆ ಬೀಳುವುದು ಸುಮಾರು 9,670. ತೊಟ್ಟರೂ ಒಂದೇ, ಬಿಟ್ಟರೂ ಒಂದೇ. ಇವನ್ನು ಅರ್ಧಕ್ಕಿಳಿಸಲು ಸುಮಾರು 12 ಮಿ.ಮೀ. ಸೀಸ ಬೇಕು, ಹತ್ತು ಸಲ ಅರ್ಧ ಮಾಡಿ ಸಾವಿರದಲ್ಲೊಂದು ಪಾಲಿಗೆ ತರಲು 12 ಸೆಂಟಿಮೀಟರ್. ಆ ದಪ್ಪದಲ್ಲಿ ನಮ್ಮ 0.6 ಚದರ ಮೀಟರಿನ ಏಪ್ರನ್ ಹೊಲಿದರೆ ತೂಕ ಎಂಟು ಕ್ವಿಂಟಾಲ್.

ಸೀಸದ ಪ್ರತಾಪವೂ ಇಲ್ಲಿ ಮುಗಿಯುತ್ತದೆ. 60 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಒಂದು ಗ್ರಾಂ ಸೀಸ ಒಂದು ಗ್ರಾಂ ನೀರಿಗಿಂತ 24 ಪಟ್ಟು ಬಲಶಾಲಿ. ಒಂದು ಸಾವಿರಕ್ಕೆ ಬಂದಾಗ ಗ್ರಾಮಿಗೆ ಇಷ್ಟೆಂದು ತಡೆಯುವ ಬಲವನ್ನು ಹೇಳುವ ಸೀಸದ ಅಂಕಿ 0.0710, ನೀರಿನದು 0.0707. ಎರಡೂ ಸರಿಸಮ! ಲೆಕ್ಕಕ್ಕೆ ಬರುವುದು ಬಹುಮಟ್ಟಿಗೆ ಬರೀ ತೂಕ. ಜಾಗವಿದ್ದರೆ ಕಾಂಕ್ರೀಟ್ ಸಾಕು, ಕೊಳದ ನೀರೂ ಸಾಕು.

ನ್ಯೂಟ್ರಾನಿನ ಎದುರು ಲೆಕ್ಕವೇ ತಲೆಕೆಳಗು. ಪರಮಾಣು ಒಡೆದಾಗ ಹಾರುವ ನ್ಯೂಟ್ರಾನನ್ನು ಹಿಡಿಯಬೇಕಾದರೆ ಮೊದಲು ಅದರ ವೇಗ ಇಳಿಸಬೇಕು. ಸೀಸದ ಭಾರೀ ಪರಮಾಣು ಬೀಜಗಳಿಗೆ ಬಡಿದು ಅದು ಬಹುತೇಕ ಅದೇ ವೇಗದಲ್ಲಿ ಚಿಮ್ಮುತ್ತದೆ. ವೇಗ ಕಳೆದುಕೊಂಡು ತಣ್ಣಗಾಗಲು ಸರಾಸರಿ 1,900 ಡಿಕ್ಕಿ ಬೇಕು. ತನ್ನಷ್ಟೇ ತೂಕದ ಜಲಜನಕಕ್ಕೆ ಬಡಿದರೆ 18 ಸಾಕು. ಆ ಜಲಜನಕ ಇರುವುದು ಇಷ್ಟು ಹೊತ್ತೂ ಬರೀ ಅಂಟಿನಂತಿದ್ದ ರಬ್ಬರಿನಲ್ಲಿ! ತಣ್ಣಗಾದ ನ್ಯೂಟ್ರಾನನ್ನು ನುಂಗಲು ಅದಕ್ಕೆ ಬೋರಾನ್ ಪುಡಿ ಬೆರೆಸುತ್ತಾರೆ. ನುಂಗುವ ಬಾಯಿಯ ಅಗಲವನ್ನು ಬಾರ್ನ್ ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ. ಜಲಜನಕಕ್ಕೆ ಅದು 0.33, ಬೋರಾನ್-10ಕ್ಕೆ 3,840, ಗ್ಯಾಡೋಲಿನಿಯಂ-157ಕ್ಕೆ 2,54,000.

ಹಾಗಿದ್ದರೆ ಅರವತ್ತಾರು ಪಟ್ಟು ದೊಡ್ಡ ಬಾಯಿಯ ಗ್ಯಾಡೋಲಿನಿಯಂ ಬಿಟ್ಟು ಬೋರಾನೇ ಏಕೆ? ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು, ಗ್ಯಾಡೋಲಿನಿಯಂ ನುಂಗಿದ ಮೇಲೆ ಸುಮಾರು 8,000 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿಯನ್ನು ಹೆಚ್ಚಾಗಿ ಗಾಮಾ ರೂಪದಲ್ಲೇ ಕಾರುತ್ತದೆ. ಬೋರಾನ್ ಒಡೆದಾಗ ಹೊರಡುವ ಹೀಲಿಯಂ, ಲಿಥಿಯಂ ಚೂರುಗಳು ಕೆಲವೇ ಮೈಕ್ರಾನ್ ದೂರದಲ್ಲಿ, ಆ ರಬ್ಬರಿನೊಳಗೇ ನಿಲ್ಲುತ್ತವೆ. ತಪ್ಪಿಸಿಕೊಳ್ಳುವ ಗಾಮಾ 478ರದ್ದು ಮಾತ್ರ. ಅದಕ್ಕೂ ಅರ್ಧ ಮಿಲಿಮೀಟರ್ ಸೀಸ ಸಾಲದು.