ಆ ದಿನ, ಆ ಗಳಿಗೆ: ಪ್ರಭುವಿನ ಪುನರಾಗಮನಕ್ಕೆ ದಿನನಿತ್ಯದ ಸಿದ್ಧತೆ

ಆಗಮನ ಕಾಲ ಎಂದೊಡನೆ ನಮ್ಮ ಮನೆಗಳಲ್ಲಿ ಗೋದಲಿ, ನಕ್ಷತ್ರ, ಕುಸ್ವಾರಿನ ಮಾತು ಶುರುವಾಗುತ್ತದೆ. ಆದರೆ ಆ ಕಾಲದ ಮೊದಲ ಭಾನುವಾರ ದೇವಾಲಯದಲ್ಲಿ ಓದುವ ಶುಭಸಂದೇಶದಲ್ಲಿ ಬೆತ್ಲೆಹೇಮೂ ಇಲ್ಲ, ಬಾಲಯೇಸುವೂ ಇಲ್ಲ. ಮೂರು ವರ್ಷಗಳ ವಾಚನಚಕ್ರದಲ್ಲಿ ಮತ್ತಾಯ, ಮಾರ್ಕ, ಲೂಕ ಇವರಲ್ಲಿ ಯಾರ ಸರದಿ ಬಂದರೂ ಅಂದಿನ ವಿಷಯ ಒಂದೇ: ಪ್ರಭು ಮತ್ತೆ ಬರಲಿದ್ದಾರೆ, ಎಚ್ಚರವಾಗಿರಬೇಕು. ವಿಶ್ವಾಸಸಂಗ್ರಹದಲ್ಲಿ ಇದನ್ನು ಪ್ರತಿ ಭಾನುವಾರ ಒಪ್ಪಿಕೊಳ್ಳುತ್ತೇವೆ. ಹೀಗೆ ಬಾಯಲ್ಲಿ ಹೇಳುವ ಈ ಸತ್ಯವು ಸೋಮವಾರದಿಂದ ಶನಿವಾರದವರೆಗಿನ ಬದುಕಿನಲ್ಲಿ ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಬರುವ ದಿನವನ್ನು ಮೊದಲೇ ತಿಳಿದುಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹಳ ಹಳೆಯದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತರು ಬರುವರೆಂದು ಕಾದರು. ಕೊರಿಯಾದಲ್ಲಿ ಒಂದು ಪಂಗಡದವರು 1992ರ ಅಕ್ಟೋಬರ್ 28 ಎಂದು ನಂಬಿ ಕೆಲಸ ಬಿಟ್ಟರು, ಆಸ್ತಿ ಮಾರಿದರು. 2011ರ ಮೇ 21 ಎಂದು ಅಮೆರಿಕದ ಮತ್ತೊಬ್ಬ ಬೋಧಕರು ಸಾರಿದರು. ಮೂರೂ ದಿನಗಳು ಬಂದವು, ಹೋದವು. ಮಾರಿದ ಮನೆ ಮಾತ್ರ ಮರಳಿ ಬರಲಿಲ್ಲ. ಇಂದಿಗೂ ಭೂಕಂಪ, ಯುದ್ಧಗಳ ಸುದ್ದಿ ಬಂದಾಗಲೆಲ್ಲ ಮೊಬೈಲ್ ಫೋನುಗಳಲ್ಲಿ ಇಂಥದೇ ಸಂದೇಶಗಳು ಹರಿದಾಡುತ್ತವೆ. ಅವುಗಳನ್ನು ಇನ್ನೊಬ್ಬರಿಗೆ ಕಳುಹಿಸುವವರಲ್ಲಿ ನಮ್ಮ ಭಕ್ತಾದಿಗಳೂ ಇದ್ದಾರೆ ಎಂಬುದು ಬೇಸರದ ಸಂಗತಿ.

ದಿನ ಗೊತ್ತಾದರೆ ಸಿದ್ಧತೆ ಸುಲಭವೇ? ಈ ಪ್ರಶ್ನೆಗೆ ನಮ್ಮ ರಾಜ್ಯದ ಇತಿಹಾಸದಲ್ಲೇ ಒಂದು ಪ್ರಸಂಗವಿದೆ. ಅದು ನಡೆದದ್ದು ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ. ನಮ್ಮ ಕರಾವಳಿಯಿಂದ ಹೋದ ಗುರುಗಳು, ಧರ್ಮಭಗಿನಿಯರು ಸೇವೆ ಸಲ್ಲಿಸುವ, 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯದ ನಾಡು ಅದು. 1841ರಿಂದ 1853ರವರೆಗೆ ಅಲ್ಲಿನ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ತಾವು ತೀರಿಕೊಂಡ ಮೇಲೆ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಬಾಲರಾಜ ವೆಂಕಟಪ್ಪ ನಾಯಕರ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷಕ್ಕೆ ಮರಣವೆಂದು ಬರೆದಿತ್ತಂತೆ. 1858ರಲ್ಲಿ ನಾಯಕರು ಬ್ರಿಟಿಷರ ವಿರುದ್ಧ ಎದ್ದು ನಿಂತರು, ಸೆರೆಯಾದರು. ಶಿಕ್ಷೆ ಕಡಿಮೆಯಾಗಿ ಅವರನ್ನು ಸೆರೆವಾಸಕ್ಕೆ ಸಾಗಿಸುತ್ತಿದ್ದಾಗ ದಾರಿಯಲ್ಲೇ ಗುಂಡು ತಗಲಿ ಮೃತಪಟ್ಟರು. ಅದು ಹೇಗಾಯಿತು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಅದರ ಚರ್ಚೆ ಇಲ್ಲಿ ಬೇಡ. ಜಾತಕದ ಮೇಲೆ ನಂಬಿಕೆ ಇಡುವುದನ್ನು ಧರ್ಮಸಭೆ ಒಪ್ಪುವುದಿಲ್ಲ ಎಂಬುದನ್ನೂ ಪ್ರತ್ಯೇಕವಾಗಿ ಹೇಳಬೇಕಿಲ್ಲ. ನಮಗೆ ಬೇಕಾದದ್ದು ಇಷ್ಟು: ವರ್ಷ ಗೊತ್ತಿದೆ ಎಂದು ನಂಬಿದವರಿಗೂ ಆ ತಿಳಿವಳಿಕೆಯಿಂದ ಭಯ ಸಿಕ್ಕಿತೇ ಹೊರತು ಬದುಕುವ ದಾರಿ ಸಿಗಲಿಲ್ಲ.

ಅದೇ ಸೀಮೆಯಲ್ಲಿ, ಹಿಂದೆ ಸುರಪುರ ತಾಲೂಕಿಗೆ ಸೇರಿದ್ದು ಈಗ ಹುಣಸಗಿ ತಾಲೂಕಿನಲ್ಲಿರುವ ಕೊಡೇಕಲ್ಲಿನಲ್ಲಿ, ಬಸವಣ್ಣನವರ ಕಾಲಜ್ಞಾನದ ಪರಂಪರೆಯಿದೆ. ಬರಲಿರುವ ಕಾಲದ ನಿರೀಕ್ಷೆ ಆ ಮಣ್ಣಿಗೆ ಹೊಸದಲ್ಲ. ಆದ್ದರಿಂದ ಅಲ್ಲಿನ ಕ್ರೈಸ್ತರನ್ನು ನೆರೆಹೊರೆಯವರು, 'ನಿಮ್ಮವರು ಯಾವಾಗ ಬರ್ತಾರ್ರೀ?' ಎಂದು ಕೇಳಿದರೆ ಅದನ್ನು ಅಪಹಾಸ್ಯವೆಂದು ತಿಳಿಯಬೇಕಾಗಿಲ್ಲ. ಪ್ರೇಷಿತರೂ ಎಣ್ಣೆಮರಗಳ ಗುಡ್ಡದ ಮೇಲೆ ಯೇಸುಸ್ವಾಮಿಯನ್ನು ಇದನ್ನೇ ಕೇಳಿದ್ದರು.

ಯೇಸುಸ್ವಾಮಿ ಕೊಟ್ಟ ಉತ್ತರ ಗಮನಾರ್ಹ. ಆ ದಿನ, ಆ ಗಳಿಗೆ ಪಿತನಿಗಲ್ಲದೆ ಮತ್ತಾರಿಗೂ ತಿಳಿಯದು ಎಂದು ಹೇಳಿ ಅವರು ದಿನಾಂಕದ ಪ್ರಶ್ನೆಯನ್ನು ಮುಗಿಸಿಬಿಟ್ಟರು. ಆಮೇಲೆ ಒಂದರ ಹಿಂದೊಂದು ಸಾಮತಿ ಹೇಳಿದರು. ಮತ್ತಾಯನ ಶುಭಸಂದೇಶದ 24 ಮತ್ತು 25ನೇ ಅಧ್ಯಾಯಗಳನ್ನು ಒಂದೇ ಸಲಕ್ಕೆ ಕುಳಿತು ಓದಿ ನೋಡಿ. ಒಡೆಯನ ಮನೆಯವರಿಗೆ ಹೊತ್ತುಹೊತ್ತಿಗೆ ಊಟ ಬಡಿಸುವ ಆಳು, ದೀಪಕ್ಕೆ ಎಣ್ಣೆ ಇಟ್ಟುಕೊಂಡ ಕನ್ಯೆಯರು, ಕೊಟ್ಟ ಹಣವನ್ನು ದುಡಿಸಿದ ಸೇವಕರು, ಕೊನೆಗೆ ಹಸಿದವನಿಗೆ ಅನ್ನ ಕೊಟ್ಟವರು. ಇವರಲ್ಲಿ ಆಕಾಶ ನೋಡುತ್ತಾ ನಿಂತವರು ಒಬ್ಬರೂ ಇಲ್ಲ. ಒಡೆಯ ಬಂದಾಗ ಆ ನಂಬಿಗಸ್ತ ಆಳಿನ ಕೈಯಲ್ಲಿ ಇದ್ದದ್ದು ಸೌಟು ಎಂದರೂ ತಪ್ಪಾಗದು.

ಸುರಪುರದ ರೈತರಿಗೆ ಈ ಸಾಮತಿಗಳನ್ನು ವಿವರಿಸುವುದು ಕಷ್ಟವಾಗಲಾರದು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಆ ಭಾಗದ ಜೀವನಾಡಿ. ನೀರನ್ನು ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ ವಾರಾಬಂದಿ ಪದ್ಧತಿ ಅಲ್ಲಿದೆ. ನೀರು ಬಿಡುವ ದಿನ ಪ್ರಕಟವಾಗುತ್ತದೆ. ಆದರೆ ಕಾಲುವೆಯ ಕೊನೆ ಭಾಗದ ಹೊಲಕ್ಕೆ ಅದು ಮಧ್ಯಾಹ್ನ ತಲುಪುತ್ತದೋ ನಡುರಾತ್ರಿ ತಲುಪುತ್ತದೋ ಹೇಳಲಾಗದು. ಮೇಲಿನವರು ಎಷ್ಟು ತಿರುಗಿಸಿಕೊಂಡರು, ಎಲ್ಲಿ ಕಾಲುವೆ ಒಡೆಯಿತು ಎಂಬುದರ ಮೇಲೆ ಅದು ನಿಂತಿದೆ. ಹೊಲಗಾಲುವೆಯ ಹೂಳು ತೆಗೆದು, ಬದು ಕಟ್ಟಿ, ಸಲಿಕೆ ಬ್ಯಾಟರಿ ಕೈಗೆ ಸಿಗುವಂತೆ ಇಟ್ಟುಕೊಂಡವನಿಗೆ ನೀರು ಯಾವ ಗಳಿಗೆಯಲ್ಲಿ ಬಂದರೂ ಭತ್ತಕ್ಕೆ ನೀರು. ನೀರು ಬಂದ ಮೇಲೆ ಹೂಳು ತೆಗೆಯೋಣ ಎಂದವನ ಪಾಲು ಹಳ್ಳ ಸೇರುತ್ತದೆ. ಇನ್ನೊಂದು ಮಾತು: ನೀರು ಪಕ್ಕದವನ ಹೊಲ ದಾಟಿ ಬರಬೇಕಾದ ಕಡೆ ಅವನೊಂದಿಗೆ ಜಗಳವಾಡಿಕೊಂಡವನ ಗತಿ ಏನು? ಸಂಧಾನವೂ ಸಿದ್ಧತೆಯ ಒಂದು ಭಾಗವೇ.

ಥೆಸಲೋನಿಕದ ಸಭೆಯಲ್ಲಿ ಕೆಲವರು ಕೈಕೆಲಸ ಬಿಟ್ಟು, ಊರೆಲ್ಲ ಅಲೆಯುತ್ತಾ, ಬೇರೆಯವರ ವಿಷಯದಲ್ಲಿ ತಲೆಹಾಕುತ್ತಿದ್ದರು. ಪ್ರಭುವಿನ ದಿನ ಬಂದೇಬಿಟ್ಟಿದೆ ಎಂಬ ಗುಲ್ಲು ಅಲ್ಲಿ ಎದ್ದಿತ್ತು. ಅಂಥವರಿಗೆ ಎರಡನೆಯ ಪತ್ರ ಕೊಟ್ಟ ಬುದ್ಧಿಮಾತು ಖಂಡಿತವಾಗಿದೆ: ದುಡಿಯಲು ಮನಸ್ಸಿಲ್ಲದವನಿಗೆ ಊಟದ ಹಕ್ಕೂ ಇಲ್ಲ. ಸಂತ ಪೌಲರು ಸ್ವತಃ ಗುಡಾರ ಹೊಲಿದು ದುಡಿದವರು. ಪ್ರಭು ಬರುತ್ತಾರೆಂದು ಅವರಷ್ಟು ಹಂಬಲಿಸಿದವರು ವಿರಳ. ಆದರೂ ಸೂಜಿ ಕೆಳಗಿಡಲಿಲ್ಲ.

ಸಂತ ಬರ್ನಾರ್ಡರು ಪ್ರಭುವಿನ ಮೂರು ಬರವುಗಳ ಬಗ್ಗೆ ಬೋಧಿಸಿದರು. ಬೆತ್ಲೆಹೇಮಿನದು ಮೊದಲನೆಯದು, ಮಹಿಮೆಯದು ಕೊನೆಯದು. ಇವೆರಡರ ನಡುವೆ ಪ್ರಭು ವಿಶ್ವಾಸಿಯ ಹೃದಯಕ್ಕೆ ದಿನವೂ ಮರೆಯಾಗಿ ಬರುತ್ತಾರೆ. ಕೊನೆಯ ಬರವು ನಮ್ಮ ಜೀವಮಾನದಲ್ಲಿ ಆಗುವುದೋ ಇಲ್ಲವೋ, ನಮ್ಮ ನಮ್ಮ ಮರಣದ ಗಳಿಗೆಯಂತೂ ಬರುವುದು ಖಚಿತ. ಆದರೂ ನಮ್ಮಲ್ಲಿ ಮುಂದಕ್ಕೆ ಹಾಕುವ ಅಭ್ಯಾಸ ಹೋಗಿಲ್ಲ. ಆಸ್ತಿ ಪಾಲಿನ ವಿಷಯದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು, ಕೊಡಬೇಕಾದ ಕೂಲಿಯನ್ನು ಹಬ್ಬ ಕಳೆಯಲಿ ಎಂದು ತಡೆಹಿಡಿದವರು, ಪಾಪನಿವೇದನೆಯನ್ನು ಪಾಸ್ಕದಿಂದ ಪಾಸ್ಕಕ್ಕೆ ತಳ್ಳುವವರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ರಾತ್ರಿ ಮಲಗುವ ಮುನ್ನ ಐದು ನಿಮಿಷದ ಆತ್ಮಶೋಧನೆ ಇವಕ್ಕೆಲ್ಲ ಹಳೆಯ ಮದ್ದು.

ಒಂದು ವಿಷಯವನ್ನು ವಾರ್ಡಿನ ಗುರಿಕಾರರೂ ಮನೆಯವರೂ ಮುಖ್ಯವಾಗಿ ಗಮನಿಸಬೇಕು. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆಯಲು ಅನೇಕರು ಹಿಂಜರಿಯುತ್ತಾರೆ. 'ಫಾದರ್ ಬಂದರೆ ಅಮ್ಮ ಹೆದರುತ್ತಾರೆ' ಎನ್ನುತ್ತಾರೆ. ಪ್ರಜ್ಞೆ ತಪ್ಪಿದ ಮೇಲೆ ಫೋನ್ ಬರುತ್ತದೆ. ಪಾಪನಿವೇದನೆಗೆ, ಪರಮಪ್ರಸಾದಕ್ಕೆ ಆಗ ಅವಕಾಶವೇ ಇರುವುದಿಲ್ಲ. ಈ ಸಂಸ್ಕಾರ ಕೊನೆಯುಸಿರಿನವರಿಗೆ ಮಾತ್ರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿದೆ. ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಜೀವಕ್ಕೆ ಅಪಾಯ ಕಾಣತೊಡಗಿದಾಗಲೇ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕರೆಯಬಹುದು. ಗುಣವಾಗಿ, ಮತ್ತೆ ಕಾಯಿಲೆ ಬಿದ್ದರೆ ಇನ್ನೊಮ್ಮೆ ಪಡೆಯಬಹುದು. ರೋಗಿಗೆ ಮಾತಿನ ಶಕ್ತಿ ಇರುವಾಗಲೇ ಗುರುಗಳಿಗೆ ತಿಳಿಸಿ. ಅವರು ಬರುವ ಹೊತ್ತಿಗೆ ಹಾಸಿಗೆಯ ಹತ್ತಿರ ಒಂದು ಮೇಜು, ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ತೀರ್ಥ, ಒಂದು ಲೋಟ ನೀರು ಇದ್ದರೆ ಸಾಕು. ಮನೆಯವರೆಲ್ಲರೂ, ಮಕ್ಕಳೂ ಸೇರಿ, ಪ್ರಾರ್ಥನೆಗೆ ಕೂಡಿಬರಲಿ; ರೋಗಿ ಪಾಪನಿವೇದನೆ ಮಾಡುವಾಗ ಮಾತ್ರ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕಾಗುತ್ತದೆ.