ಬಿಸಿಲಿಗೆ ಬಣ್ಣ ತಳೆಯುವ ಪುಟಗಳು

ನೆರಳಲ್ಲಿ ಕೂತು ಪುಟ ತಿರುವಿದರೆ ಎಲ್ಲವೂ ಕಪ್ಪು-ಬಿಳುಪು. ಅದೇ ಪತ್ರಿಕೆಯನ್ನು ಬಿಸಿಲಿಗೆ ಒಯ್ದು ಹಿಡಿಯಿರಿ. ನೋಡನೋಡುತ್ತಲೇ ಕಾಗದದ ಮೇಲೆ ಬಣ್ಣ ಏಳುತ್ತದೆ! ಒಳಗೆ ಬಂದರೆ ಮತ್ತೆ ಮಾಯ. 2009ರಲ್ಲಿ ನ್ಯೂಯಾರ್ಕಿನ ‘ವಿಷನೇರ್’ ಪತ್ರಿಕೆ ಹೊರತಂದ 56ನೇ ಸಂಚಿಕೆ ‘ಸೋಲಾರ್’ ಇದು. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಬಣ್ಣ ಬದಲಿಸುವ ಶಾಯಿ ಇದೆ ಎಂಬುದು ವಿಜ್ಞಾನ. ಆ ಶಾಯಿಯಲ್ಲಿ ಒಂದು ಫ್ಯಾಷನ್ ಪತ್ರಿಕೆಯನ್ನೇ ಅಚ್ಚು ಹಾಕೋಣ ಎಂದು ಯಾರಿಗೋ ಹೊಳೆಯಿತಲ್ಲ, ಅದು ನನಗೆ ಪವಾಡ.

ಹೊಳೆದದ್ದು ಮೂವರು ಗೆಳೆಯರು ಕಟ್ಟಿದ ಬಳಗಕ್ಕೆ. ಸ್ಟೀಫನ್ ಗ್ಯಾನ್, ರೂಪದರ್ಶಿ ಸಿಸಿಲಿಯಾ ಡೀನ್, ಮೇಕಪ್ ಕಲಾವಿದ ಜೇಮ್ಸ್ ಕಲಿಯಾರ್ಡೋಸ್ 1991ರಲ್ಲಿ ವಿಷನೇರ್ ಶುರುಮಾಡಿದರು. ಮೊದಲ ಸಂಚಿಕೆಗೆ ಹೊಲಿಗೆಯೂ ಇಲ್ಲ, ಬೈಂಡಿಂಗೂ ಇಲ್ಲ, ಬಿಡಿ ಹಾಳೆಗಳು ಅಷ್ಟೇ. ಅಂಗಡಿಯ ಸ್ಟ್ಯಾಂಡಿನಲ್ಲಿ ಹಿಡಿಸಬೇಕೆಂಬ ಹಂಗಿಲ್ಲ, ಪುಟಗಳ ನಡುವೆ ಜಾಹೀರಾತಿನ ಕಾಟವಿಲ್ಲ. ದೊಡ್ಡ ಬ್ರ್ಯಾಂಡುಗಳು ಕೈಜೋಡಿಸಿದವು, ನಿಜ. ಆದರೆ ಅವೂ ಈ ಆಟಕ್ಕೇ ಇಳಿಯಬೇಕಾಯಿತು! 1996ರ 18ನೇ ಸಂಚಿಕೆ ಲೂಯಿ ವಿಟಾನ್‌ನ ಚೀಲದೊಳಗೆ ಬಂತು. 1998ರಲ್ಲಿ ಗುಚಿಯ ಟಾಮ್ ಫೋರ್ಡ್ ಜೊತೆ ಮಾಡಿದ ‘ಲೈಟ್’ ಬ್ಯಾಟರಿಯಿಂದ ಬೆಳಗುವ ಪೆಟ್ಟಿಗೆ. ಪಾರದರ್ಶಕ ಚಿತ್ರಗಳನ್ನು ಅದರ ಮೇಲಿಟ್ಟು ನೋಡಬೇಕು. ಪುಟವೇ ದೀಪ!

ಹೊಸ ದೀಪಾವಳಿ ವಿಶೇಷಾಂಕ ಮನೆಗೆ ಬಂದರೆ ಓದುವ ಮೊದಲೇ ಮೂಗಿಗೆ ಹಿಡಿಯುವವರು ನಮ್ಮಲ್ಲಿ ಎಷ್ಟು ಮಂದಿ! ಅವರಿಗೆಂದೇ ಮಾಡಿದಂತಿದೆ 2003ರ ‘ಸೆಂಟ್’. ಒಂದೊಂದು ಚಿತ್ರಕ್ಕೆ ಒಂದೊಂದು ಪುಟ್ಟ ಸೀಸೆ, ಒಟ್ಟು 21 ಪರಿಮಳ. ಸುಗಂಧ ತಯಾರಿಸುವ ಪರಿಣತರೇ ಕೂತು ಆ ಚಿತ್ರಗಳಿಗೆ ವಾಸನೆ ಹುಡುಕಿದರು. ಚಿತ್ರ ನೋಡುತ್ತ ಬಿರಡೆ ತೆಗೆಯಬೇಕು. ಕಣ್ಣು ಹೇಳಿದ್ದನ್ನು ಮೂಗು ಒಪ್ಪುತ್ತದೋ, ಜಗಳ ತೆಗೆಯುತ್ತದೋ! 2007ರ ‘ಸೌಂಡ್’ ಇನ್ನೂ ವಿಚಿತ್ರ. ಅದರಲ್ಲಿರುವುದು ಐದು ಗ್ರಾಮಫೋನ್ ತಟ್ಟೆಗಳು ಮತ್ತು ಒಂದು ಆಟಿಕೆ ಕಾರು. ಕಾರಿನ ಹೊಟ್ಟೆಯಡಿ ಮುಳ್ಳು. ತಟ್ಟೆ ಸುಮ್ಮನೆ ಬಿದ್ದಿರುತ್ತದೆ, ಕಾರೇ ಅದರ ಮೇಲೆ ಸುತ್ತುತ್ತ ಹಾಡುತ್ತದೆ!

2011ರಲ್ಲಿ ಆಳೆತ್ತರದ ಸಂಚಿಕೆಯೂ ಬಂತು. ಅದು ಬೆರಗೇ, ಆದರೆ ಗಾತ್ರದ ಬೆರಗು. ನನ್ನ ಮನಸ್ಸು ಮಾತ್ರ ಬಿಸಿಲಿನ ಸಂಚಿಕೆಯನ್ನು ಬಿಟ್ಟು ಕದಲುವುದಿಲ್ಲ.

ಈ ಹುಚ್ಚಿನ ಬೇರು ಹುಡುಕುತ್ತ ಹೋದರೆ 1912ರ ಪ್ಯಾರಿಸ್ ಸಿಗುತ್ತದೆ. ಲೂಸಿಯೆನ್ ವೋಗೆಲ್ ಆರಂಭಿಸಿದ ಫ್ಯಾಷನ್ ಪತ್ರಿಕೆ ‘ಗಜೆಟ್ ದ್ಯು ಬಾನ್ ತಾನ್’. ಅದರ ಚಿತ್ರಪಟಗಳಲ್ಲಿನ ಬಣ್ಣ ಯಂತ್ರ ಬಳಿದದ್ದಲ್ಲ! ತೆಳು ಲೋಹದ ಹಾಳೆಯಲ್ಲಿ ಆಕಾರ ಕೊರೆದು, ಕಾಗದದ ಮೇಲಿಟ್ಟು, ಕುಂಚದಿಂದ ಬಣ್ಣ ತುಂಬುತ್ತಿದ್ದರು. ಕೆಂಪಿಗೊಂದು ಹಾಳೆ, ನೀಲಿಗೊಂದು, ಹಸಿರಿಗೊಂದು. ಒಂದೇ ಗೌನಿನ ಚಿತ್ರಕ್ಕೆ ಮತ್ತೆ ಮತ್ತೆ ಕೈ, ಪ್ರತಿ ಪ್ರತಿಗೂ ಹೊಸದಾಗಿ ಕೈ! ಆದ್ದರಿಂದಲೇ ಜಾರ್ಜ್ ಬಾರ್ಬಿಯೇ, ಜಾರ್ಜ್ ಲೆಪಾಪ್ ಬರೆದ ಉಡುಪುಗಳ ಬಣ್ಣ ಇಂದಿಗೂ ಈಗಷ್ಟೇ ಬಳಿದಂತೆ ಕಾಣುತ್ತದೆ. ಮೊದಲ ಮಹಾಯುದ್ಧ ಅದನ್ನು ನಿಲ್ಲಿಸಿತು, ಯುದ್ಧ ಮುಗಿದ ಮೇಲೆ ಮತ್ತೆ ಎದ್ದಿತು, 1925ಕ್ಕೆ ಮುಗಿಯಿತು.

ಉಡುಪು ಮೈಗೆ ತಾಗುವ ವಸ್ತು. ಅದರ ಬಗ್ಗೆ ಮಾತಾಡುವ ಪತ್ರಿಕೆಯೂ ಮೈಗೆ ತಾಗಬೇಕು ಎಂದು ಇವರೆಲ್ಲ ಹಟ ಹಿಡಿದರು. ಆ ಹಟದ ತುತ್ತತುದಿ ವಿಷನೇರ್‌ನ 2005ರ ‘ಟೇಸ್ಟ್’. ಚಿತ್ರದ ಜೊತೆ ನಾಲಗೆಯ ಮೇಲೆ ಕರಗುವ ತೆಳು ಪಟ್ಟಿಗಳು, ಒಂದೊಂದಕ್ಕೂ ಬೇರೆ ರುಚಿ. ಓದಿದರೆ ಖಾಲಿ! ಹಾಗಾಗಿ ಇಂಥ ಸಂಚಿಕೆಗಳನ್ನು ಸೀಲು ಒಡೆಯದೆ ಕಾಪಿಡುವವರಿದ್ದಾರೆ. ನನ್ನ ಕೈಗೆ ಬಂದರೆ ಸೀಲು ಒಡೆದು, ಮೊದಲ ಪಟ್ಟಿಯನ್ನು ಆ ಕ್ಷಣವೇ ಬಾಯಿಗೆ ಹಾಕಿಕೊಳ್ಳುತ್ತೇನೆ.