ಮಾಲಾರ್ಗ್ವೆ ಬಯಲಿನ ನೀರಿನ ತೊಟ್ಟಿಗಳು

ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಲ್ಲಿ, ಆಂಡೀಸ್ ಪರ್ವತಸಾಲಿನ ಪೂರ್ವಕ್ಕೆ, ಮಾಲಾರ್ಗ್ವೆ ಎಂಬ ಊರಿದೆ. ಸುತ್ತಲ ಕುರುಚಲು ಬಯಲಿನಲ್ಲಿ ಒಂದೂವರೆ ಕಿಲೋಮೀಟರಿಗೊಂದರಂತೆ ನೀರಿನ ತೊಟ್ಟಿಗಳು ಕೂತಿವೆ, ನಮ್ಮ ತಾರಸಿಗಳ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ದೊಡ್ಡಣ್ಣನಂತೆ. ಒಂದೊಂದರಲ್ಲೂ 12,000 ಲೀಟರ್ ಅತಿಶುದ್ಧ ನೀರು, ಒಳಗೆ ಕಡುಗತ್ತಲು, ನೆತ್ತಿಯ ಮೇಲೆ ಸೌರಫಲಕ. 3,000 ಚದರ ಕಿಲೋಮೀಟರಿನುದ್ದಕ್ಕೂ ಇಂಥವು 1,600ಕ್ಕೂ ಹೆಚ್ಚು. ಇದು ಪಿಯರ್ ಓಜೆ ವೀಕ್ಷಣಾಲಯ. ವಿಶ್ವದ ಅತ್ಯಂತ ಶಕ್ತಿಶಾಲಿ ಕಣಗಳಿಗಾಗಿ ಹಗಲಿರುಳೂ ಕಾಯುವ ಜಾಗ.

ಇಷ್ಟು ನೆಲ ಬೇಕಾದದ್ದು ಆ ಕಣಗಳು ತೀರಾ ಅಪರೂಪವಾದ್ದರಿಂದ. ಜಿನೀವಾದ ಎಲ್‌ಎಚ್‌ಸಿ ಯಂತ್ರ ಒಂದು ಪ್ರೋಟಾನಿಗೆ ತುಂಬುವ ಶಕ್ತಿಯ ಕೋಟಿ ಪಟ್ಟು ಮೀರಿದ ಶಕ್ತಿ ಹೊತ್ತ ಕಣ, ಒಂದು ಚದರ ಕಿಲೋಮೀಟರಿನಲ್ಲಿ ನೂರು ವರ್ಷಕ್ಕೆ ಒಂದು ಬಂದರೆ ಹೆಚ್ಚು. ಅಮೆರಿಕದ ಜೇಮ್ಸ್ ಕ್ರೋನಿನ್ ಮತ್ತು ಬ್ರಿಟನ್ನಿನ ಅಲನ್ ವಾಟ್ಸನ್ 1992ರಲ್ಲಿ ಈ ಯೋಜನೆಯ ಮಾತೆತ್ತಿದರು. 2004ರಲ್ಲಿ ದಾಖಲೆ ಶುರುವಾಯಿತು.

ಬಂದ ಕಣ ಗಾಳಿಗೆ ಬಡಿದು ಕೋಟ್ಯಂತರ ಮರಿಕಣಗಳ ಸುರಿಮಳೆಯಾಗುತ್ತದೆ. ಇದನ್ನು 1938ರಲ್ಲಿ ತೋರಿಸಿಕೊಟ್ಟ ಫ್ರೆಂಚ್ ವಿಜ್ಞಾನಿಯೇ ಓಜೆ. ನೀರೊಳಗೆ ಬೆಳಕು ಸಾಗುವುದಕ್ಕಿಂತ ವೇಗವಾಗಿ ನುಗ್ಗುವ ಮರಿಕಣಗಳು ತೊಟ್ಟಿಯಲ್ಲಿ ನೀಲಿ ಬೆಳಕು ಚೆಲ್ಲುತ್ತವೆ. ಯಾವ ತೊಟ್ಟಿ ಮೊದಲು ಬೆಳಗಿತು, ಯಾವುದು ಆಮೇಲೆ ಎಂಬ ಲೆಕ್ಕದಿಂದ ಕಣ ಬಂದ ದಿಕ್ಕು ತಿಳಿಯುತ್ತದೆ.

ಆದರೆ ದಿಕ್ಕು ತಿಳಿದ ಮಾತ್ರಕ್ಕೆ ತವರು ತಿಳಿಯುವುದಿಲ್ಲ. ಈ ಕಣಗಳಿಗೆ ವಿದ್ಯುದಾವೇಶವಿದೆ, ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಅವನ್ನು ಬಾಗಿಸುತ್ತವೆ. ಬಂದದ್ದು ಪ್ರೋಟಾನ್ ಆದರೆ ಬಾಗು ಕಡಿಮೆ. ಅಷ್ಟೇ ಶಕ್ತಿಯ ಕಬ್ಬಿಣದ ನ್ಯೂಕ್ಲಿಯಸ್ ಆದರೆ ಆವೇಶ 26 ಪಟ್ಟು, ಬಾಗೂ ಸುಮಾರು ಅಷ್ಟೇ ಪಟ್ಟು. ಎಲ್ಲಿಂದ ಬಂತೆಂದು ಹೇಳಬೇಕಾದರೆ ಬಂದದ್ದೇನೆಂದು ಮೊದಲು ಗೊತ್ತಿರಬೇಕು. ಈ ಸಂಶೋಧನೆಯ ಕಷ್ಟವೆಲ್ಲ ಈ ಗಂಟಿನಲ್ಲಿದೆ. ಅದರ ಸೊಗಸೂ ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಗಂಟು ಬಿಡಿಸಲು ಬಯಲಿನ ಅಂಚಿನಲ್ಲಿ 27 ದೂರದರ್ಶಕಗಳಿವೆ. ಸುರಿಮಳೆ ಹಾದುಹೋಗುವಾಗ ಗಾಳಿಯ ಸಾರಜನಕ ಸೂಸುವ ಮಂದ ಅತಿನೇರಳೆ ಬೆಳಕನ್ನು, ಬೆಳದಿಂಗಳಿಲ್ಲದ ಇರುಳುಗಳಲ್ಲಿ, ಅವು ಹಿಡಿಯುತ್ತವೆ. ಭಾರದ ನ್ಯೂಕ್ಲಿಯಸ್ಸಿನ ಶಕ್ತಿ ಹಲವು ಕಣಗಳಲ್ಲಿ ಹಂಚಿಹೋಗಿರುವುದರಿಂದ ಅದರ ಸುರಿಮಳೆ ಎತ್ತರದಲ್ಲೇ ಉತ್ತುಂಗ ಮುಟ್ಟುತ್ತದೆ. ಪ್ರೋಟಾನಿನದು ಇನ್ನಷ್ಟು ಕೆಳಗಿಳಿದು. ವರ್ಷಗಟ್ಟಲೆ ಅಳೆದಾಗ ಕಂಡದ್ದು ಇದು: ಒಂದು ಹಂತ ದಾಟಿದ ಮೇಲೆ, ಶಕ್ತಿ ಹೆಚ್ಚಿದಂತೆಲ್ಲ ಬರುವ ಕಣಗಳೂ ಭಾರವಾಗುತ್ತ ಹೋಗುತ್ತವೆ. ಹೆಚ್ಚು ಬಾಗದೆ ಬರುವ ಪ್ರೋಟಾನ್‌ಗಳನ್ನು ಹಿಂಬಾಲಿಸಿ ಮೂಲ ಮುಟ್ಟುವ ದಾರಿ ಇದರಿಂದ ಕಿರಿದಾಯಿತು.

ಆದರೂ 2017ರಲ್ಲಿ ದೊಡ್ಡ ಉತ್ತರವೊಂದು ದಕ್ಕಿತು. ಕಡಿಮೆ ಶಕ್ತಿಯವೂ ಸೇರಿದ 30,000ಕ್ಕೂ ಹೆಚ್ಚು ಕಣಗಳನ್ನು ಪರಿಶೀಲಿಸಿದಾಗ ಆಕಾಶದ ಒಂದು ಕಡೆಯಿಂದ ಸರಾಸರಿಗಿಂತ ಸುಮಾರು ಶೇ. 6ರಷ್ಟು ಹೆಚ್ಚು ಬರುತ್ತಿದ್ದವು. ಆ ದಿಕ್ಕು ನಮ್ಮ ಆಕಾಶಗಂಗೆಯ ಕೇಂದ್ರದಿಂದ ಬಲು ದೂರ. ಅಂದರೆ ಇವು ಬೇರೆ ಗ್ಯಾಲಕ್ಸಿಗಳಿಂದ ಬಂದ ಅತಿಥಿಗಳು.

ಯಾವ ಗ್ಯಾಲಕ್ಸಿ? ಅದಕ್ಕಾಗಿ ಈಗ ತೊಟ್ಟಿಗಳ ಮೇಲೆ, ಕಣ ಹಾದಾಗ ಮಿನುಗುವ ಸಿಂಟಿಲೇಟರ್ ಹಲಗೆ, ರೇಡಿಯೋ ಆಂಟೆನಾ ಕೂರಿಸಿದ್ದಾರೆ. ಹಲಗೆಯ ಸಂಕೇತವನ್ನು ನೀರಿನ ಸಂಕೇತದೊಂದಿಗೆ ಹೋಲಿಸಿ ಸುರಿಮಳೆಯಲ್ಲಿನ, ಎಲೆಕ್ಟ್ರಾನಿನ ಭಾರದ ಬಂಧುಗಳಾದ ಮ್ಯೂಯಾನ್‌ಗಳನ್ನೂ ಎಲೆಕ್ಟ್ರಾನ್‌ಗಳನ್ನೂ ಬೇರ್ಪಡಿಸಬಹುದು. ಮ್ಯೂಯಾನ್ ಹೆಚ್ಚಿದ್ದರೆ ಬಂದದ್ದು ಭಾರದ ಕಣ. ಕತ್ತಲ ಇರುಳಿಗೆ ಕಾಯದೆ, ಹಗಲಲ್ಲೂ ಹಗುರ ಕಣಗಳನ್ನು ಆರಿಸಿ, ಅವುಗಳದ್ದೇ ನಕ್ಷೆ ಬರೆಯುವುದು ಉದ್ದೇಶ.